ಮುಂದೆ ಪೊಲೀಸರಿದ್ದಾರೆ: ರಸ್ತೆಯ ಒಂದು ಸನ್ನೆಯ ಚರಿತ್ರೆ

ಎದುರಿನಿಂದ ಬರುವ ಲಾರಿ ಹಗಲು ಹೊತ್ತಿನಲ್ಲೇ ಎರಡು ಸಲ ಹೆಡ್‌ಲೈಟ್ ಮಿನುಗಿಸಿದರೆ ಅದರ ಅರ್ಥ ಕರ್ನಾಟಕದ ಹೆದ್ದಾರಿಗಳಲ್ಲಿ ಓಡಾಡುವ ಚಾಲಕರಿಗೆಲ್ಲ ಗೊತ್ತು: ಮುಂದೆ ಪೊಲೀಸರಿದ್ದಾರೆ, ನಿಧಾನ. ಯಾವ ಡ್ರೈವಿಂಗ್ ಶಾಲೆಯೂ ಕಲಿಸದ ಈ ಸನ್ನೆ ಅನೇಕ ದೇಶಗಳ ರಸ್ತೆಗಳಲ್ಲಿದೆ. ವೇಗಮಿತಿ ಮೀರಿದವರನ್ನು ಮರೆಯಲ್ಲಿ ನಿಂತು ಹಿಡಿಯುವ ಸ್ಪೀಡ್ ಟ್ರ್ಯಾಪ್‌ಗೆ ಎಷ್ಟು ವಯಸ್ಸಾಗಿದೆಯೋ, ಅದರ ಸುಳಿವು ಕೊಡುವ ರೂಢಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಎರಡರ ಲಿಖಿತ ಚರಿತ್ರೆಯೂ ಸ್ಪಷ್ಟವಾಗಿ ಸಿಗುವುದು ಇಂಗ್ಲೆಂಡಿನಲ್ಲಿ.

ಬ್ರಿಟನ್ನಿನ 1865ರ ಕಾಯ್ದೆಯ ಪ್ರಕಾರ ಯಂತ್ರದಿಂದ ಓಡುವ ವಾಹನ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ವಾಹನದ ಮುಂದೆ ಒಬ್ಬಾತ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಉಗಿಯಂತ್ರಗಳಿಗಾಗಿ ಮಾಡಿದ್ದ ಆ ಕಾನೂನು ಮೋಟಾರು ಕಾರು ಬಂದ ಮೇಲೂ ಜಾರಿಯಲ್ಲಿತ್ತು. 1896ರ ಜನವರಿ 28ರಂದು ಕೆಂಟ್ ಪ್ರಾಂತ್ಯದ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ ಗಂಟೆಗೆ 8 ಮೈಲಿ ವೇಗದಲ್ಲಿ ಕಾರು ಓಡಿಸಿದ. ಪೊಲೀಸ್ ಪೇದೆಯೊಬ್ಬ ಸೈಕಲ್ ತುಳಿದು ಬೆನ್ನಟ್ಟಿ ಅವನನ್ನು ಹಿಡಿದ. ವೇಗಕ್ಕಾಗಿ ಬಿದ್ದ ದಂಡ ಒಂದು ಶಿಲಿಂಗ್. ಅದೇ ವರ್ಷದ ಕೊನೆಯಲ್ಲಿ ಕಾನೂನು ಸಡಿಲವಾಯಿತು. 1903ರ ಮೋಟಾರ್ ಕಾರ್ ಕಾಯ್ದೆ ಮಿತಿಯನ್ನು 20 ಮೈಲಿಗೆ, ಅಂದರೆ ಸುಮಾರು 32 ಕಿಲೋಮೀಟರಿಗೆ ಏರಿಸಿತು. ಆ ಹೊತ್ತಿಗೆ ಕಾರುಗಳು ಅದರ ಎರಡರಷ್ಟು ವೇಗದಲ್ಲಿ ಓಡಬಲ್ಲವಾಗಿದ್ದವು. ಸೈಕಲ್ ಮೇಲೆ ಬೆನ್ನಟ್ಟುವ ಕಾಲ ಮುಗಿದಿತ್ತು.

ಪೊಲೀಸರು ಹೊಸ ಉಪಾಯ ಕಂಡುಕೊಂಡರು. ರಸ್ತೆಯ ಪಕ್ಕದಲ್ಲಿ ಒಂದು ಫರ್ಲಾಂಗ್, ಅಂದರೆ 220 ಗಜ, ಅಳತೆ ಮಾಡಿ ಎರಡು ತುದಿಗೂ ಪೇದೆಗಳನ್ನು ಬೇಲಿಯ ಮರೆಯಲ್ಲಿ ನಿಲ್ಲಿಸುತ್ತಿದ್ದರು. ಕಾರು ಮೊದಲ ಗುರುತು ದಾಟಿದಾಗ ಒಬ್ಬ ಸಂಜ್ಞೆ ಕೊಡುತ್ತಿದ್ದ, ಇನ್ನೊಬ್ಬ ಸ್ಟಾಪ್‌ವಾಚ್ ಒತ್ತುತ್ತಿದ್ದ. ಗಂಟೆಗೆ 20 ಮೈಲಿ ವೇಗದ ಕಾರಿಗೆ ಆ ದೂರ ಕ್ರಮಿಸಲು ಇಪ್ಪತ್ತೆರಡೂವರೆ ಸೆಕೆಂಡು ಬೇಕು. ಅದಕ್ಕಿಂತ ಬೇಗ ದಾಟಿದವನು ತಪ್ಪಿತಸ್ಥ. ಗಡಿಯಾರ ಒತ್ತುವ ಬೆರಳು ಒಂದು ಸೆಕೆಂಡು ಆಚೀಚೆಯಾದರೆ ಲೆಕ್ಕದಲ್ಲಿ ಸುಮಾರು ಒಂದು ಮೈಲಿಯ ವ್ಯತ್ಯಾಸ ಬರುತ್ತಿತ್ತು. ಜನಸಂಚಾರವಿರುವ ಅಪಾಯದ ತಿರುವುಗಳನ್ನು ಬಿಟ್ಟು, ಕಾರುಗಳು ಸಹಜವಾಗಿ ವೇಗ ಹಿಡಿಯುವ ನೇರ ರಸ್ತೆಗಳಲ್ಲೇ ಕಾದು ಕೂರುತ್ತಾರೆಂಬುದು ಕಾರಿನವರ ದೊಡ್ಡ ದೂರಾಗಿತ್ತು. ಸ್ಪೀಡ್ ಟ್ರ್ಯಾಪ್ ಇರುವಲ್ಲೆಲ್ಲ ಇದೇ ದೂರು ಇಂದಿಗೂ ಕೇಳಿಬರುತ್ತದೆ. ಅದನ್ನು ಬರೀ ನೆಪವೆಂದು ತಳ್ಳಿಹಾಕಲಾಗದು.

ಲಂಡನ್ನಿನಿಂದ ಸಮುದ್ರತೀರದ ಬ್ರೈಟನ್‌ಗೆ ಹೋಗುವ ರಸ್ತೆ ಇಂಥ ಬಲೆಗಳಿಗೆ ಹೆಸರಾಗಿತ್ತು. ರೇಸ್ ಚಾಲಕ ಚಾರ್ಲ್ಸ್ ಜಾರಟ್ ಮತ್ತು ಅವನ ಗೆಳೆಯರು 1905ರಲ್ಲಿ ಆ ರಸ್ತೆಯಲ್ಲಿ ಸೈಕಲ್ ಸವಾರರನ್ನು ನೇಮಿಸಿದರು. ಪೊಲೀಸರು ಎಲ್ಲಿ ಅಡಗಿದ್ದಾರೆಂದು ಪತ್ತೆ ಹಚ್ಚಿ, ಬರುವ ಕಾರುಗಳಿಗೆ ಕೈಸನ್ನೆ ಮಾಡುವುದು ಅವರ ಕೆಲಸ. ಆ ವರ್ಷ ಜೂನ್ 29ರಂದು ಲಂಡನ್ನಿನ ಟ್ರೊಕಡೆರೊ ರೆಸ್ಟೋರೆಂಟಿನಲ್ಲಿ ಸಭೆ ಸೇರಿ ಈ ಏರ್ಪಾಡಿಗೆ ಸಂಸ್ಥೆಯ ರೂಪ ಕೊಟ್ಟರು. ಅದೇ ಆಟೋಮೊಬೈಲ್ ಅಸೋಸಿಯೇಷನ್, ಜನರ ಬಾಯಲ್ಲಿ ‘ಎಎ’. ಸ್ಟೆನ್ಸನ್ ಕುಕ್ ಅದರ ಮೊದಲ ಕಾರ್ಯದರ್ಶಿ. ಸುಮಾರು ನೂರು ಸದಸ್ಯರಿಂದ ಶುರುವಾದ ಸಂಘ 1914ರ ಹೊತ್ತಿಗೆ 83 ಸಾವಿರ ಸದಸ್ಯರನ್ನು ಮುಟ್ಟಿತ್ತು. ಇಂದು ಕೆಟ್ಟು ನಿಂತ ವಾಹನಗಳಿಗೆ ನೆರವಾಗುವ ಸಂಸ್ಥೆಯೆಂದು ಬ್ರಿಟನ್ನಿನ ಮನೆಮನೆಗೂ ಗೊತ್ತಿರುವ ಎಎ ಹುಟ್ಟಿದ್ದು ಪೊಲೀಸರ ಸುಳಿವು ಕೊಡಲಿಕ್ಕೆ.

ಸುಳಿವು ಕೊಡುವುದು ಅಪರಾಧವೇ ಎಂಬ ಪ್ರಶ್ನೆ ಬೇಗನೆ ನ್ಯಾಯಾಲಯದ ಮುಂದೆ ಬಂತು. 1907ರ ಕಾನೂನು ವರದಿಗಳಲ್ಲಿ ಸೇರಿದ ಬ್ಯಾಸ್ಟಬಲ್ ಮತ್ತು ಲಿಟಲ್ ಪ್ರಕರಣದಲ್ಲಿ, ಎಚ್ಚರಿಸಿದಾತ ತಪ್ಪು ಮಾಡಿಲ್ಲವೆಂದು ತೀರ್ಪಾಯಿತು. ಅವನು ಸನ್ನೆ ಮಾಡಿದಾಗ ಆ ಕಾರುಗಳು ಮಿತಿ ಮೀರಿ ಓಡುತ್ತಿದ್ದವು ಎನ್ನಲು ಸಾಕ್ಷ್ಯವಿರಲಿಲ್ಲ. ಕಾನೂನು ಪಾಲಿಸುತ್ತಿರುವವನಿಗೆ ಹಾಗೆಯೇ ಪಾಲಿಸು ಎಂದರೆ ಪೊಲೀಸರಿಗೆ ಅಡ್ಡಿಯಾದೀತು ಹೇಗೆ? ಆದರೆ 1910ರ ಬೆಟ್ಸ್ ಮತ್ತು ಸ್ಟೀವನ್ಸ್ ಪ್ರಕರಣದಲ್ಲಿ ಸಂಗತಿ ಬೇರೆಯಿತ್ತು. ಎಎ ಗಸ್ತುಗಾರ ಕೈ ಎತ್ತಿದಾಗ ಕಾರುಗಳು ಆಗಲೇ ಮಿತಿ ಮೀರಿ ಓಡುತ್ತಿದ್ದವು, ಸನ್ನೆ ಕಂಡ ಮೇಲೆ ನಿಧಾನವಾದವು. ಪೊಲೀಸರು ಕೂಡಿಸುತ್ತಿದ್ದ ಸಾಕ್ಷ್ಯವನ್ನು ಆ ಸನ್ನೆ ಕೆಡಿಸಿತು, ಆದ್ದರಿಂದ ಅದು ಕರ್ತವ್ಯಕ್ಕೆ ಅಡ್ಡಿ ಎಂದು ಮುಖ್ಯ ನ್ಯಾಯಾಧೀಶ ಲಾರ್ಡ್ ಆಲ್ವರ್‌ಸ್ಟನ್ ಇದ್ದ ಪೀಠ ತೀರ್ಮಾನಿಸಿತು. ಈ ಎರಡು ತೀರ್ಪುಗಳ ನಡುವಿನ ಗೆರೆ ಬಹಳ ಸಣ್ಣದು. ಆದರೂ ಮುಂದಿನ ನೂರು ವರ್ಷಗಳ ವಾದವಿವಾದವೆಲ್ಲ ನಡೆದದ್ದು ಆ ಗೆರೆಯ ಆಚೀಚೆಯೇ: ಪೊಲೀಸರು ರಸ್ತೆಯಲ್ಲಿ ನಿಲ್ಲುವುದು ವಾಹನಗಳನ್ನು ನಿಧಾನಗೊಳಿಸಲಿಕ್ಕೋ, ತಪ್ಪಿತಸ್ಥರನ್ನು ಹಿಡಿಯಲಿಕ್ಕೋ?

ತೀರ್ಪಿನ ನಂತರ ಎಎ ಜಾಣತನದ ದಾರಿಯೊಂದನ್ನು ಹಿಡಿಯಿತು. ಕಾರಿನ ಮುಂಭಾಗದಲ್ಲಿ ಸಂಘದ ಬಿಲ್ಲೆ ಕಂಡರೆ ಗಸ್ತುಗಾರ ಸಲ್ಯೂಟ್ ಹೊಡೆಯಬೇಕೆಂಬ ನಿಯಮ ಬಂತು. ಸಲ್ಯೂಟ್ ಮಾಡದಿದ್ದರೆ ಸದಸ್ಯರು ಕಾರು ನಿಲ್ಲಿಸಿ ಕಾರಣ ಕೇಳಬೇಕೆಂದು ಸಂಘದ ಕೈಪಿಡಿ ಒತ್ತಿ ಹೇಳುತ್ತಿತ್ತು. ಹಾಗಾಗಿ ಸಲ್ಯೂಟ್ ಇಲ್ಲದಿರುವುದೇ ಎಚ್ಚರಿಕೆಯಾಯಿತು. ಕೈ ಎತ್ತಿದವನನ್ನು ನ್ಯಾಯಾಲಯಕ್ಕೆ ಎಳೆಯಬಹುದಿತ್ತು. ಸಲ್ಯೂಟ್ ಹೊಡೆಯದೆ ಸುಮ್ಮನೆ ನಿಂತವನ ಮೇಲೆ ಮೊಕದ್ದಮೆ ಹೂಡುವುದು ಹೇಗೆ? ಈ ಪದ್ಧತಿ 1961ರವರೆಗೂ ಉಳಿಯಿತು. ಅಷ್ಟರಲ್ಲಿ ಅದರ ಮೂಲ ಉದ್ದೇಶ ಎಂದೋ ಮಾಸಿಹೋಗಿತ್ತು. 1930ರ ಕಾಯ್ದೆ ಕಾರುಗಳಿಗಿದ್ದ 20 ಮೈಲಿಯ ಮಿತಿಯನ್ನೇ ತೆಗೆದುಹಾಕಿತು. ಸಾವುಗಳು ಹೆಚ್ಚಿದ್ದರಿಂದ 1935ರ ಮಾರ್ಚಿನಲ್ಲಿ ಜನವಸತಿ ಪ್ರದೇಶಗಳಿಗೆ 30 ಮೈಲಿಯ ಮಿತಿ ಮರಳಿ ಬಂತು. ಇದೇ ಸಂಘ ದೇಶದ ತುಂಬ ಸಾವಿರಾರು ಫಲಕಗಳನ್ನೂ ನೆಟ್ಟಿತು: ಊರಿನ ಹೆಸರು, ಅಪಾಯದ ತಿರುವು, ದಿಕ್ಕು ತೋರುವ ಕಂಬ. ಪೊಲೀಸರ ಬಗ್ಗೆ ಎಚ್ಚರಿಸಲು ಹೊರಟವರು ರಸ್ತೆಯ ಬಗ್ಗೆಯೇ ಎಚ್ಚರಿಸುವವರಾದರು. ಸಂಘದ ಚರಿತ್ರೆಯಲ್ಲಿ ನೆನೆಯಬೇಕಾದ ದೊಡ್ಡ ಕೆಲಸ ಇದು.

ಅಮೆರಿಕದಲ್ಲಿ ಕಥೆಗೆ ಹಣದ ಮುಖವೂ ಇತ್ತು. ಹೆದ್ದಾರಿ ಹಾದುಹೋಗುವ ಕೆಲವು ಪುಟ್ಟ ಊರುಗಳು ದಂಡದ ಹಣದಿಂದಲೇ ಊರಾಡಳಿತ ನಡೆಸುತ್ತಿದ್ದವು. ಜಾರ್ಜಿಯಾ ರಾಜ್ಯದ ಲುಡೊವಿಸಿ ಎಂಬ ಊರು ಪ್ರಯಾಣಿಕರನ್ನು ಸುಲಿಯುವುದಕ್ಕೆ ಎಷ್ಟು ಕುಖ್ಯಾತವಾಗಿತ್ತೆಂದರೆ, 1970ರಲ್ಲಿ ರಾಜ್ಯಪಾಲ ಲೆಸ್ಟರ್ ಮ್ಯಾಡಾಕ್ಸ್ ತಾವೇ ಮುಂದಾಗಿ ಊರಿನ ಹೊರಗೆ ಎಚ್ಚರಿಕೆಯ ದೊಡ್ಡ ಫಲಕಗಳನ್ನು ಹಾಕಿಸಿದರು. ಓಹಾಯೊದ ನ್ಯೂ ರೋಮ್‌ನಲ್ಲಿ ಇದ್ದವರು ಸುಮಾರು ಅರವತ್ತು ಜನ. ವಾಹನ ದಂಡವನ್ನೇ ನೆಚ್ಚಿದ್ದ ಆ ಊರಾಡಳಿತವನ್ನು 2004ರಲ್ಲಿ ನ್ಯಾಯಾಲಯವೇ ವಿಸರ್ಜಿಸಿತು. ಇಂಥ ಕಡೆ ಸುಳಿವು ಕೊಡುವುದನ್ನು ಕಳ್ಳರಿಗೆ ಮಾಡಿದ ಸಹಾಯ ಎನ್ನಲಾಗದು. ಅದು ದಾರಿಹೋಕರ ಆತ್ಮರಕ್ಷಣೆಯಾಗಿತ್ತು.

ಈ ನಡುವೆ ಸ್ಟಾಪ್‌ವಾಚ್ ಹೋಗಿ ರಾಡಾರ್ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕನೆಕ್ಟಿಕಟ್‌ನ ಜಾನ್ ಬಾರ್ಕರ್ ಮತ್ತು ಬೆನ್ ಮಿಡ್‌ಲಾಕ್ ಸೈನ್ಯಕ್ಕಾಗಿ ಮಾಡಿದ ಕೆಲಸ ಇದಕ್ಕೆ ಮೂಲ. ಓಡುವ ವಾಹನಕ್ಕೆ ತಾಗಿ ಮರಳುವ ಅಲೆಯ ಆವರ್ತನ ಅದರ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಈ ಡಾಪ್ಲರ್ ತತ್ವದ ಮೇಲೆ ಕಟ್ಟಿದ ಉಪಕರಣವನ್ನು 1947ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಪರೀಕ್ಷಿಸಲಾಯಿತು. 1949ರಿಂದ ಅದರ ಆಧಾರದಲ್ಲಿ ದಂಡ ವಿಧಿಸುವುದು ಶುರುವಾಯಿತು. ಆದರೆ ರಾಡಾರ್ ತಾನೇ ಅಲೆ ಹೊರಡಿಸುತ್ತದೆ, ಹೊರಟ ಅಲೆಯನ್ನು ಇತರರೂ ಹಿಡಿಯಬಹುದು. ಸುಳಿವು ಹಿಡಿಯುವ ಡಿಟೆಕ್ಟರ್ ಎಂಬ ಪುಟ್ಟ ಪೆಟ್ಟಿಗೆ ಕಾರಿನೊಳಗೆ ಬಂತು. ವಾಯುಪಡೆಯ ರಾಡಾರ್ ಕೆಲಸದ ಅನುಭವವಿದ್ದ ಡೇಲ್ ಸ್ಮಿತ್ ರೂಪಿಸಿದ ‘ಫಜ್‌ಬಸ್ಟರ್’ 1970ರ ದಶಕದಲ್ಲಿ ಮನೆಮಾತಾಯಿತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇದನ್ನು ಕಾರಿನಲ್ಲಿಡಲು ತಡೆಯಿಲ್ಲ, ವರ್ಜೀನಿಯಾದಲ್ಲಿ ನಿಷೇಧವಿದೆ.

ಆ ದಶಕದ ನಿಜವಾದ ಕ್ರಾಂತಿ ಸಿ.ಬಿ. ರೇಡಿಯೋ. 1973ರ ತೈಲ ಬಿಕ್ಕಟ್ಟಿನ ಬಳಿಕ, ಇಂಧನ ಉಳಿಸಲೆಂದು ಅಧ್ಯಕ್ಷ ನಿಕ್ಸನ್ 1974ರ ಜನವರಿ 2ರಂದು ಸಹಿ ಹಾಕಿದ ಕಾಯ್ದೆ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ತಂದಿತು. ಉದ್ದುದ್ದ ಹೆದ್ದಾರಿಗಳಲ್ಲಿ ದೂರದ ಲೆಕ್ಕದಲ್ಲಿ ಕೂಲಿ ಪಡೆಯುವ ಲಾರಿ ಚಾಲಕರಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಸಾಮಾನ್ಯರಿಗೂ ದೊರೆಯುತ್ತಿದ್ದ ಕಡಿಮೆ ವ್ಯಾಪ್ತಿಯ ಸಿ.ಬಿ. ರೇಡಿಯೋ ಅವರ ಕೈಗೆ ಸಿಕ್ಕಿತು. ಅಗ್ಗದ ಡೀಸೆಲ್ ಸಿಗುವ ಬಂಕು, ಅಪಘಾತವಾದ ಜಾಗ, ಪೊಲೀಸರ ಕಾರು ನಿಂತ ತಿರುವು, ಎಲ್ಲವೂ ಒಂದೇ ಚಾನೆಲಿನಲ್ಲಿ ಹರಿದಾಡಿತು. ಅದು ಹತ್ತೊಂಬತ್ತನೆಯ ಚಾನೆಲ್. ಅಗಲ ಅಂಚಿನ ಹ್ಯಾಟಿನಿಂದಾಗಿ ಹೆದ್ದಾರಿ ಪೊಲೀಸರಿಗೆ ‘ಕರಡಿ’ ಎಂಬ ಅಡ್ಡಹೆಸರು ಬಿತ್ತು, ಹೆಲಿಕಾಪ್ಟರಿನಲ್ಲಿದ್ದರೆ ‘ಗಾಳಿಯ ಕರಡಿ’. 1976ರ ಆರಂಭದಲ್ಲಿ ಲಾರಿ ಚಾಲಕರ ಈ ಮಾತುಗಳನ್ನೇ ಹೊಸೆದ ‘ಕಾನ್‌ವಾಯ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಬೇಡಿಕೆ ತಡೆಯಲಾರದೆ 1977ರಲ್ಲಿ ಸರ್ಕಾರ ಚಾನೆಲುಗಳನ್ನು 23ರಿಂದ 40ಕ್ಕೆ ಏರಿಸಿತು. ಪೊಲೀಸರೂ ಅದೇ ಚಾನೆಲಿಗೆ ಕಿವಿಗೊಟ್ಟು ಕೂರುತ್ತಿದ್ದರು. 55 ಮೈಲಿಯ ಕಾನೂನು 1995ರಲ್ಲಿ ಪೂರ್ತಿ ರದ್ದಾಯಿತು.

ಯುರೋಪಿನಲ್ಲಿ ಆಟ ಬದಲಿಸಿದ್ದು ಕ್ಯಾಮೆರಾ. ಅದನ್ನು ರೂಪಿಸಿದ ಡಚ್ಚರ ಮೌರಿಸ್ ಹಾತ್ಸೊನಿಡೆಸ್ 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಚಾಲಕ. ತಿರುವುಗಳಲ್ಲಿ ತನ್ನದೇ ವೇಗ ಅಳೆದು ಇನ್ನೂ ಬೇಗ ಓಡಿಸಲು ಕಟ್ಟಿದ ಸಾಧನವೇ ಮುಂದೆ ಪೊಲೀಸರ ಕೈ ಸೇರಿತು. ಬ್ರಿಟನ್ನಿನ ರಸ್ತೆಬದಿಗೆ ಇಂಥ ಕ್ಯಾಮೆರಾಗಳು 1992ರಲ್ಲಿ ಬಂದವು, ಫ್ರಾನ್ಸಿಗೆ 2003ರಲ್ಲಿ. ಸ್ಥಿರ ಕ್ಯಾಮೆರಾಕ್ಕೆ ಸುಳಿವು ಬೇಕಿಲ್ಲ. ಅದರ ಜಾಗ ಎಲ್ಲರಿಗೂ ಗೊತ್ತು. ಆದರೆ ಕ್ಯಾಮೆರಾ ಹತ್ತಿರ ಬಂದಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಓಡಿಸುವ ಚಾಳಿ ಬೆಳೆಯಿತು. ಸುಳಿವಿನ ದೊಡ್ಡ ದೌರ್ಬಲ್ಯವೂ ಇದೇ. ಅದು ಚಾಲಕನನ್ನು ಆ ಒಂದು ಜಾಗದಲ್ಲಿ ಮಾತ್ರ ನಿಧಾನಗೊಳಿಸುತ್ತದೆ. ಸರಾಸರಿ ವೇಗ ಶೇಕಡಾ 1ರಷ್ಟು ಹೆಚ್ಚಿದರೆ ಸಾವಿನ ಅಪಘಾತಗಳ ಸಾಧ್ಯತೆ ಶೇಕಡಾ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೀವ ಉಳಿಯುವುದು ರಸ್ತೆಯುದ್ದಕ್ಕೂ ವೇಗ ತಗ್ಗಿದಾಗ. ಪೊಲೀಸರು ಎಲ್ಲಿ ಬೇಕಾದರೂ ಇರಬಹುದೆಂಬ ಅನಿಶ್ಚಿತತೆಯೇ ಆ ಕೆಲಸ ಮಾಡುವುದು, ಸುಳಿವು ಅದನ್ನೇ ಕಿತ್ತುಕೊಳ್ಳುತ್ತದೆ.

ಕಾನೂನುಗಳು ದೇಶಕ್ಕೊಂದು ದಾರಿ ಹಿಡಿದಿವೆ. ಜರ್ಮನಿಯಲ್ಲಿ ಚಾಲಕನು ಡಿಟೆಕ್ಟರನ್ನಾಗಲಿ ಮೊಬೈಲಿನ ಎಚ್ಚರಿಕೆ ಆ್ಯಪನ್ನಾಗಲಿ ಓಡಿಸುವಾಗ ಬಳಸುವಂತಿಲ್ಲ, ಆದರೆ ರೇಡಿಯೋ ಕೇಂದ್ರಗಳು ಕ್ಯಾಮೆರಾ ಇರುವ ಜಾಗಗಳನ್ನು ಬಿತ್ತರಿಸುತ್ತವೆ. ಫ್ರಾನ್ಸ್ 2012ರಲ್ಲಿ ನಿಖರ ಜಾಗ ತೋರಿಸುವ ಸಾಧನಗಳನ್ನು ನಿಷೇಧಿಸಿತು. ತಯಾರಕರು ‘ಅಪಾಯದ ವಲಯ’ ಎಂದಷ್ಟೇ ತೋರಿಸತೊಡಗಿದರು. ಇಂಗ್ಲೆಂಡಿನಲ್ಲಿ 2005ರ ತೀರ್ಪೊಂದು ಬ್ಯಾಸ್ಟಬಲ್ ಪ್ರಕರಣದ ತರ್ಕಕ್ಕೇ ಮರಳಿತು: ಎಚ್ಚರಿಕೆ ಪಡೆದವರು ವೇಗ ಮೀರಿದ್ದರು ಅಥವಾ ಮೀರುವವರಿದ್ದರು ಎಂದು ತೋರಿಸದೆ ಶಿಕ್ಷೆಯಿಲ್ಲ. ಅಮೆರಿಕದ ಮಿಸ್ಸೂರಿ ರಾಜ್ಯದ ಎಲಿಸ್‌ವಿಲ್ ಊರಿನಲ್ಲಿ ಹೆಡ್‌ಲೈಟ್ ಮಿನುಗಿಸಿದ್ದಕ್ಕೆ 2012ರಲ್ಲಿ ಒಬ್ಬ ಚಾಲಕನ ಮೇಲೆ ಕೇಸು ಬಿತ್ತು. ನಿಧಾನವಾಗಿ ಹೋಗಿ ಎನ್ನುವುದು ಸಂವಿಧಾನ ಕೊಟ್ಟ ವಾಕ್‌ಸ್ವಾತಂತ್ರ್ಯದೊಳಗೇ ಬರುವಂಥದೆಂದು 2014ರಲ್ಲಿ ಫೆಡರಲ್ ನ್ಯಾಯಾಧೀಶ ಹೆನ್ರಿ ಆಟ್ರಿ ಅಂಥ ಕ್ರಮಕ್ಕೆ ತಡೆ ಕೊಟ್ಟರು.

ಇಸ್ರೇಲಿನಲ್ಲಿ ಹುಟ್ಟಿ 2013ರಲ್ಲಿ ಗೂಗಲ್ ಕೈಸೇರಿದ ವೇಜ್ ಆ್ಯಪ್ ಈ ಹಳೆಯ ಸನ್ನೆಯನ್ನು ಕೋಟ್ಯಂತರ ಜನರ ಕೈಗೆ ಕೊಟ್ಟಿತು. ಪೊಲೀಸರನ್ನು ಕಂಡವನು ಗುಂಡಿ ಒತ್ತಿದರೆ ಹಿಂದೆ ಬರುವವರಿಗೆಲ್ಲ ತಿಳಿಯುತ್ತದೆ. ನ್ಯೂಯಾರ್ಕ್ ಪೊಲೀಸರು 2019ರ ಫೆಬ್ರವರಿಯಲ್ಲಿ ಗೂಗಲ್‌ಗೆ ಪತ್ರ ಬರೆದು, ಕುಡಿದು ಓಡಿಸುವವರ ತಪಾಸಣೆಯ ಜಾಗಗಳನ್ನು ತೋರಿಸುವುದನ್ನು ನಿಲ್ಲಿಸಬೇಕೆಂದು ಕೇಳಿದರು. ಈ ಆಕ್ಷೇಪ ಗಟ್ಟಿಯಾದದ್ದು. ವೇಗದ ಸುಳಿವು ಸಿಕ್ಕವನು ಕನಿಷ್ಠ ಆ ಕ್ಷಣಕ್ಕಾದರೂ ನಿಧಾನವಾಗುತ್ತಾನೆ. ಕುಡಿದವನಿಗೆ ಸುಳಿವು ಸಿಕ್ಕರೆ ಅಮಲು ಇಳಿಯುವುದಿಲ್ಲ, ಅವನು ಬೇರೆ ಬೀದಿ ಹಿಡಿಯುತ್ತಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ತಪ್ಪು.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ವೇಗದ ಅಪರಾಧಕ್ಕೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ನಂತರ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ, ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿ ದಂಡವನ್ನು ಅದು ಹೇಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥ ನಿಷಿದ್ಧವಾಯಿತು. ಇಂಟರ್‌ಸೆಪ್ಟರ್ ವಾಹನಗಳ ಜೊತೆಗೆ ವೇಗ ಅಳೆಯುವ ಕ್ಯಾಮೆರಾಗಳೂ ಬಂದವು. ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ 2024ರ ಆಗಸ್ಟಿನಿಂದ ಎಫ್‌ಐಆರ್ ಹಾಕುವುದಾಗಿ ಕರ್ನಾಟಕ ಪೊಲೀಸರು ಪ್ರಕಟಿಸಿದರು. ಕಂಬದ ಮೇಲಿನ ಕ್ಯಾಮೆರಾ ಇರುವಲ್ಲಿ ಎದುರಿನ ಲಾರಿಯ ಬೆಳಕಿಗೆ ಕೆಲಸ ಕಡಿಮೆ. ದಂಡದ ಚೀಟಿ ಮೊಬೈಲಿಗೇ ಬರುತ್ತದೆ.

ಇಂಥ ಕ್ಯಾಮೆರಾಗಳ ಬಳಕೆಗಾಗಿ ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮವನ್ನು ಸೇರಿಸಿತು. ಅದರ ಪ್ರಕಾರ, ರಸ್ತೆಯ ಯಾವ ಭಾಗ ವಿದ್ಯುನ್ಮಾನ ಕಣ್ಗಾವಲಿನಲ್ಲಿದೆಯೋ ಅದಕ್ಕೆ ಮುಂಚೆಯೇ ಎದ್ದು ಕಾಣುವಂತೆ ಎಚ್ಚರಿಕೆಯ ಫಲಕ ಹಾಕಬೇಕು. ಮುಂದೆ ನಿಗಾ ಇದೆ ಎಂದು ಚಾಲಕರಿಗೆ ಮೊದಲೇ ತಿಳಿಸುವ ಹೊಣೆ ಈಗ ರಾಜ್ಯ ಸರ್ಕಾರದ್ದೇ ಆಗಿದೆ.