ರಾತ್ರಿ ಹತ್ತರ ನಂತರದ ಮೆಷಿನ್ ಸದ್ದು
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ನಮ್ಮ ಸಭೆಯ ಪುಸ್ತಕದಲ್ಲಿ ಉಳಿತಾಯ, ಸಾಲ, ಬಡ್ಡಿ ಎಂದು ಬರೆಯುತ್ತೇವೆ. ನಿದ್ರೆ ಎಂದು ಯಾರೂ ಬರೆಯುವುದಿಲ್ಲ. ಆದರೆ ಲೆಕ್ಕ ಮುಗಿದು ಚಹಾ ಕುಡಿಯುವ ಹೊತ್ತಿಗೆ ಮಣಿಪಾಲ, ಉಡುಪಿ ಕಡೆಯ ಸಂಘಗಳಲ್ಲಿ ಬರುವ ಮಾತು ಅದೇ: "ಪಕ್ಕದಲ್ಲಿ ಫ್ಲ್ಯಾಟ್ ಏಳ್ತಾ ಉಂಟು, ರಾತ್ರಿ ಒಂದು ಗಂಟೆಗೂ ಮೆಷಿನ್ ನಿಲ್ಲುವುದಿಲ್ಲ, ಏನು ಮಾಡುವುದು?" ಕಾಪು, ಕಾರ್ಕಳದವರದ್ದೂ ಇದೇ ಪ್ರಶ್ನೆ. ಹಾಗಾಗಿ ಇವತ್ತು ಅದನ್ನೇ ಮಾತಾಡುವ.

ಶಂಕರಪುರದ ಕಡೆ ಮಲ್ಲಿಗೆ ಗಿಡ ಇರುವವರು ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು. ಮಲ್ಪೆಗೆ ಮೀನಿಗೆ ಹೋಗುವವರದ್ದೂ ಅದೇ ಹೊತ್ತು. "ಹಗಲು ಸ್ವಲ್ಪ ಮಲಗಿದರಾಯ್ತಲ್ಲ" ಎನ್ನುವವರು ಇದ್ದಾರೆ. ನಮ್ಮಲ್ಲಿ ಯಾವ ಹೆಂಗಸು ಹಗಲು ಮಲಗುತ್ತಾಳೆ, ನೀವೇ ಹೇಳಿ!

ಈಗ ಕಾನೂನಿಗೆ ಬರುವ. ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6ರ ತನಕ. 2010ರಲ್ಲಿ ಇದಕ್ಕೆ ತಿದ್ದುಪಡಿ ಮಾಡಿ, ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ವಸತಿ ಪ್ರದೇಶದಲ್ಲಿ ಮತ್ತು ನಿಶ್ಶಬ್ದ ವಲಯದಲ್ಲಿ ರಾತ್ರಿ ಬಳಸಲೇಬಾರದು ಎಂದು ಸೇರಿಸಿದರು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು. "ಡೆಸಿಬೆಲ್ ಅಳೆಯಲು ನಮ್ಮ ಹತ್ತಿರ ಮೀಟರ್ ಎಲ್ಲಿ ಉಂಟು?" ಎಂದು ಹೆದರಬೇಡಿ. ರಾತ್ರಿಯ ನಿರ್ಬಂಧ ಮುರಿದರೆ ಅಳತೆ ಇಲ್ಲದೆಯೂ ದೂರು ಕೊಡಬಹುದು ಎಂದು ಅದೇ ನಿಯಮಗಳಲ್ಲಿ ಉಂಟು. 2005ರಲ್ಲಿ ಸುಪ್ರೀಂ ಕೋರ್ಟ್ ಸಹ, ನೆಮ್ಮದಿಯಾಗಿ ಬದುಕುವ ಹಕ್ಕಿನಲ್ಲಿ ಗದ್ದಲದಿಂದ ರಕ್ಷಣೆಯೂ ಸೇರಿದೆ ಎಂದು ತೀರ್ಪು ಕೊಟ್ಟಿದೆ.

2022ರಲ್ಲಿ ಕಟೀಲು ಮೇಳದ ಆಟವನ್ನು ರಾತ್ರಿ 10.30ಕ್ಕೆ ಮುಗಿಸಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು. ಕಾರಣ ಇದೇ ಶಬ್ದದ ನಿಯಮ. ಬೆಳಗಿನ ತನಕದ ಆಟಕ್ಕೆ ಹತ್ತು ಗಂಟೆಯ ಲೆಕ್ಕ ಕೇಳಿದ ಮೇಲೆ, ಬ್ರೇಕರ್ ಹಾಕಿ ಪಾದೆ ಒಡೆಯುವವರಿಗೂ ಕೇಳಬೇಡವೇ? (ಮದುವೆಯ ರೋಸಿನ ಮೈಕಿಗೂ ಇದೇ ನಿಯಮ, ಮರೆಯಬೇಡಿ.)

ಆದರೆ ಎಲ್ಲ ಕೆಲಸ ಒಂದೇ ಅಲ್ಲ. ಸ್ಲ್ಯಾಬ್ ಹಾಕಲು ಶುರು ಮಾಡಿದರೆ ಅರ್ಧದಲ್ಲಿ ಬಿಟ್ಟುಹೋಗಲು ಆಗುವುದಿಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಹೊಸತು ಹಾಕಿದರೆ ಜಾಯಿಂಟ್ ದುರ್ಬಲವಾಗುತ್ತದೆ, ನೀರು ಸೋರುತ್ತದೆ. ಒಂದು ದಿನ ಹತ್ತೂವರೆ ಆದರೆ ಅರ್ಥ ಮಾಡಿಕೊಳ್ಳಬಹುದು. ಅದಕ್ಕೆ ಬೆಳಿಗ್ಗೆ ಬೇಗ ಶುರು ಮಾಡಿ ಎಂದು ಹೇಳಿ. ಕಲ್ಲು ಒಡೆಯುವುದು, ರಾಡ್ ಕಟ್ ಮಾಡುವುದು, ಜಲ್ಲಿ ಸುರಿಯುವುದಕ್ಕೆ ರಾತ್ರಿಯೇ ಆಗಬೇಕೆಂದು ಏನೂ ಇಲ್ಲ. ಗಡುವಿನ ಆತುರ, ಅಷ್ಟೆ.

ಇನ್ನೊಂದು ಮಾತು. ಕೆಲಸದವರ ಜೊತೆ ಜಗಳಕ್ಕೆ ಹೋಗಬೇಡಿ. ಬಾಗಲಕೋಟೆ, ಗದಗ, ಒಡಿಶಾ, ಬಿಹಾರದಿಂದ ಬಂದ ಆ ಮಕ್ಕಳು ಆ ಸದ್ದಿನೊಳಗೇ ಇದ್ದಾರೆ, ಶೆಡ್ ಸಹ ಅಲ್ಲಿಯೇ. ಮೆಷಿನ್ ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಹಗಲು ಹೊತ್ತಿನಲ್ಲಿ ನಾಲ್ಕೈದು ಜನ ಸೇರಿ ಸೈಟ್ ಇಂಜಿನಿಯರರನ್ನು ಅಥವಾ ಕಂಟ್ರಾಕ್ಟರರನ್ನು ಕಾಣಿ. ಸ್ಲ್ಯಾಬ್ ಹಾಕುವ ದಿನ ಮುಂಚೆ ತಿಳಿಸಲು ಕೇಳಿ.

ಕೇಳದಿದ್ದರೆ, ಸದ್ದು ಆಗುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ. ಮರುದಿನ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ, ಜೊತೆಗೆ ಕಟ್ಟಡಕ್ಕೆ ಪರವಾನಿಗೆ ಕೊಟ್ಟ ನಗರಸಭೆ, ಪುರಸಭೆ ಅಥವಾ ಪಂಚಾಯತಿಗೂ ಒಂದು ಪ್ರತಿ. ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿಗೂ ಕೊಡಬಹುದು. ಸ್ವೀಕೃತಿ ಇಲ್ಲದೆ ಹೊರಗೆ ಬರಬೇಡಿ. ಪರವಾನಿಗೆಯಲ್ಲಿ ಏನು ಷರತ್ತು ಉಂಟು ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು.

ಒಬ್ಬರ ಹೆಸರಲ್ಲಿ ಕೊಟ್ಟರೆ "ಅವರಿಗೆ ಮಾತ್ರ ತೊಂದರೆಯಾ?" ಎಂದು ಕೇಳುತ್ತಾರೆ. ಸಂಘದ ಠರಾವು ಮಾಡಿ, ಇಪ್ಪತ್ತು ಜನರ ಸಹಿ ಹಾಕಿ. ಆ ಸೈಟಿನಲ್ಲೇ ಗಂಡ ಅಥವಾ ಮಗ ಕೆಲಸಕ್ಕಿರುವ ಸದಸ್ಯೆಗೆ ಸಹಿ ಹಾಕಲು ಒತ್ತಾಯ ಬೇಡ. ಅವರ ಮನೆಯ ಅನ್ನದ ಪ್ರಶ್ನೆ ಅದು.

ಇವತ್ತಿನಿಂದ ಒಂದು ನೋಟ್ ಪುಸ್ತಕ ಇಡಿ: ತಾರೀಕು, ಗಂಟೆ ಎಷ್ಟರಿಂದ ಎಷ್ಟು, ಯಾವ ಮೆಷಿನ್. ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಸಾಕು. ಮುಂದಿನ ಸಭೆಗೆ ಆ ಪುಸ್ತಕ ತನ್ನಿ, ಅರ್ಜಿಯನ್ನು ಒಟ್ಟಿಗೆ ಕೂತು ಬರೆಯುವ.