ಮನೆಯ ಹಿಂದೆ ರೈಲುಗಾಡಿ

ಹಿತ್ತಿಲಲ್ಲಿ ಹೂವಿನ ಗಿಡ ಬೆಳೆಸುವವರುಂಟು, ಹಸು ಕಟ್ಟುವವರುಂಟು. ನಮ್ಮ ಹಿತ್ತಿಲಲ್ಲಿ ಇರುವುದು ರೈಲುದಾರಿ. ವೈಟ್‌ಫೀಲ್ಡ್ ಸ್ಟೇಷನ್ನಿನ ಪೂರ್ವಕ್ಕೆ, ಕಾಂಪೌಂಡಿನ ಆಚೆಯೇ ಹಳಿ. ಮನೆ ಕೊಂಡಾಗ ನೆಂಟರೆಲ್ಲ, “ರಾತ್ರಿ ನಿದ್ದೆಯ ಗತಿಯೇನು?” ಎಂದು ಮರುಗಿದರು. ಮೊದಲ ವಾರ ನಿದ್ದೆ ಬರಲಿಲ್ಲ, ನಿಜ. ಈಗ ಹಾಗಲ್ಲ. ಗಾಡಿ ತಡವಾದ ರಾತ್ರಿಯೇ ನಮಗೆ ಎಚ್ಚರವಾಗುತ್ತದೆ!

ಈ ದಾರಿ ನಿನ್ನೆ ಮೊನ್ನೆಯದಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಗಾಡಿ ಓಡಿದ್ದು 1864ರಲ್ಲಿ. ಹಳೆಯ ಮೈಸೂರು ಸೀಮೆಗೆ ಬಂದ ಮೊದಲ ರೈಲು ಅದೇ. ಆಗ ವೈಟ್‌ಫೀಲ್ಡ್ ಎಂಬ ಊರೇ ಇರಲಿಲ್ಲ. ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ, ಡಿ. ಎಸ್. ವೈಟ್ ಅವರ ಮುಂದಾಳುತನದಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ಆ ಊರು ಹುಟ್ಟಿದ್ದು 1882ರಲ್ಲಿ. ಅಂದರೆ ಊರಿಗಿಂತ ರೈಲು ಹದಿನೆಂಟು ವರ್ಷ ಹಿರಿದು. ಹಿರಿಯರ ಪಕ್ಕದಲ್ಲಿ ಮನೆ ಕಟ್ಟಿಕೊಂಡು ಅವರ ಕೆಮ್ಮಿನ ಬಗ್ಗೆ ದೂರು ಹೇಳುವುದು ತರವೆ?

ನೋಡುವ ಕಣ್ಣಿದ್ದರೆ ಇಲ್ಲಿ ಬೇಸರಕ್ಕೆ ಎಡೆಯಿಲ್ಲ. 1964ರಲ್ಲಿ ಆರಂಭವಾದ ಬೃಂದಾವನ, 1992ರ ಲಾಲ್‌ಬಾಗ್, 2022ರಲ್ಲಿ ಬಂದ ವಂದೇ ಭಾರತ್ ಎಲ್ಲವೂ ಈ ದಾರಿಯವೇ. ಚೆನ್ನೈ ಬಂದರಿನಿಂದ ವೈಟ್‌ಫೀಲ್ಡಿನ ಡಿಪೋಗೆ ಕಂಟೇನರುಗಳು ಬರುತ್ತವೆ. ಎಣಿಸಿ ನೋಡಿ, ಇಡೀ ಗಾಡಿಯಾದರೆ ಸಾಮಾನ್ಯವಾಗಿ 45 ಚಪ್ಪಟೆ ವ್ಯಾಗನುಗಳು. ಹೀಗೆ ಓಡುವ ಚಕ್ರಗಳಲ್ಲಿ ಎಷ್ಟೋ ಚಕ್ರಗಳು ನಮ್ಮ ಯಲಹಂಕದಲ್ಲೇ, 1984ರಲ್ಲಿ ಶುರುವಾದ ಗಾಲಿ ಕಾರ್ಖಾನೆಯಲ್ಲಿ, ಎರಕಗೊಂಡವು.

ನಾನು ನೋಡುವವನು; ನನ್ನ ಮೊಮ್ಮಗ ಚಿತ್ರ ಹಿಡಿಯುವವನು. ಗಾಡಿಯ ಸದ್ದು ಕೇಳಿದರೆ ಸಾಕು, ಊಟದ ತಟ್ಟೆ ಬಿಟ್ಟು ಮೊಬೈಲು ಹಿಡಿದು ಮಹಡಿಗೆ ಓಟ. “ಇದೆಂಥ ಹುಚ್ಚು?” ಎಂದು ಅವನಜ್ಜಿ ಗದರುತ್ತಿದ್ದಳು. ಹುಚ್ಚೇ ಆದರೂ ಹಳೆಯ ಹುಚ್ಚು. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ಮೊಟ್ಟಮೊದಲು ಹಿಡಿದ ಚಲಚ್ಚಿತ್ರಗಳಲ್ಲಿ ರೈಲು ಸ್ಟೇಷನ್ನಿಗೆ ಬರುವ ದೃಶ್ಯವೂ ಒಂದು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅವರ ಚಿತ್ರಗಳನ್ನು ತೋರಿಸಿದಾಗ ನಮ್ಮ ದೇಶ ಸಿನಿಮಾವನ್ನು ಮೊದಲು ಕಂಡಿತು. ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯ ಮಕ್ಕಳು ಹುಲ್ಲುಗಾವಲು ದಾಟಿ ಓಡಿದ್ದೂ ರೈಲು ನೋಡಲೆಂದೇ. ನಮ್ಮ ಶಂಕರ್ ನಾಗ್ ಅವರು ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನನ್ನೇ ಮಾಲ್ಗುಡಿ ಮಾಡಿ ಮನೆಮನೆಗೆ ತಂದರು.

ಹಿಡಿಯುವುದೇ ಆದರೆ ಸರಿಯಾಗಿ ಹಿಡಿಯಬೇಕು. ಹೊಸಬರು ಇಂಜಿನ್ ದಾಟಿದ ಕೂಡಲೇ ಕೈ ಇಳಿಸಿಬಿಡುತ್ತಾರೆ. ಆದರೆ ಗಾಡಿಯ ಮುಖ್ಯ ಸಂಗತಿ ಇರುವುದು ಬಾಲದಲ್ಲಿ. ಕೊನೆಯ ಡಬ್ಬಿಯ ಬೆನ್ನಿನ ಮೇಲೆ ದೊಡ್ಡದೊಂದು ಗುಣಾಕಾರದ ಗುರುತು, ರಾತ್ರಿಯಾದರೆ ಕೆಂಪು ದೀಪ. ಇದು ಅಲಂಕಾರವಲ್ಲ. ಗಾಡಿ ಹಾದುಹೋಗುವಾಗ ಸ್ಟೇಷನ್ ಮಾಸ್ತರು, ಗೇಟಿನವನು ಅದನ್ನು ಕಣ್ಣಿಟ್ಟು ನೋಡುತ್ತಾರೆ. ಗುರುತು ಕಂಡರೆ ಗಾಡಿ ಪೂರ್ತಿಯಾಗಿ ಬಂತು. ಕಾಣದಿದ್ದರೆ ಕೆಲವು ಡಬ್ಬಿ ಕಳಚಿ ದಾರಿಯಲ್ಲೇ ಉಳಿದಿರಬಹುದು. ಅದು ಖಚಿತವಾಗುವವರೆಗೆ ಹಿಂದಿನ ಗಾಡಿಯನ್ನು ಆ ಹಳಿಗೆ ಬಿಡುವಂತಿಲ್ಲ. ಈಗ ಅಚ್ಚುಗಳನ್ನು ಎಣಿಸುವ ಯಂತ್ರಗಳೂ ಹಳಿಯ ಪಕ್ಕ ಇವೆ. ಆದರೂ ಆ ಗುರುತು ಉಳಿದಿದೆ. ಗಾರ್ಡೂ ಉಳಿದಿದ್ದಾನೆ, ಹೆಸರು ಮಾತ್ರ 2022ರಿಂದ ಟ್ರೈನ್ ಮ್ಯಾನೇಜರ್ ಎಂದಾಗಿದೆ.

ಹಿಡಿದ ಚಿತ್ರದಿಂದ ಮಕ್ಕಳಿಗೆ ಪಾಠವೂ ಉಂಟು. ಈಚಿನ ಕೆಂಪು ಡಬ್ಬಿಯ ಉದ್ದ ಹೆಚ್ಚುಕಡಿಮೆ 24 ಮೀಟರು. ಐದು ಡಬ್ಬಿ ಒಂದು ಕಂಬವನ್ನು ದಾಟಲು ನಾಲ್ಕು ಸೆಕೆಂಡು ಹಿಡಿದರೆ, ಸೆಕೆಂಡಿಗೆ 30 ಮೀಟರಾಯಿತು. ಅಂದರೆ ಗಂಟೆಗೆ 108 ಕಿಲೋಮೀಟರು. ಹಾಗೆಯೇ ಇಂಜಿನ್ನಿನ ಕೂಗನ್ನು ಗಮನವಿಟ್ಟು ಕೇಳಿ. ಹತ್ತಿರ ಬರುವಾಗ ಶ್ರುತಿ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ಹೇಳಿದ ಈ ತತ್ತ್ವವನ್ನು 1845ರಲ್ಲಿ ಹಾಲೆಂಡಿನಲ್ಲಿ ಪರೀಕ್ಷಿಸಿದ್ದು, ರೈಲಿನಲ್ಲಿ ತುತ್ತೂರಿಯವರನ್ನು ಕೂರಿಸಿ ಊದಿಸಿ! ನಮಗೆ ಆ ಖರ್ಚಿಲ್ಲ, ಹಿತ್ತಿಲಲ್ಲೇ ದಿನವೂ ಪ್ರಯೋಗ.

ಇಷ್ಟು ಹೇಳಿ, ಒಂದು ದಿನದ ಸಂಗತಿಯನ್ನು ಮುಚ್ಚಿಟ್ಟರೆ ತಪ್ಪಾದೀತು. ಒಮ್ಮೆ ಮಹಡಿಯಿಂದ ಚಿತ್ರ ಚೆನ್ನಾಗಿ ಬರಲಿಲ್ಲವೆಂದು ಹುಡುಗ ಕಾಂಪೌಂಡು ಹಾರಿ ಹಳಿಯ ಪಕ್ಕ ನಿಂತುಬಿಟ್ಟ. ಒಂದು ಕಡೆಯಿಂದ ಗೂಡ್ಸು ಗಡಗಡಿಸುತ್ತಿತ್ತು. ಅವನ ಕಣ್ಣೆಲ್ಲ ಮೊಬೈಲಿನ ಗಾಜಿನ ಮೇಲೆ. ಇನ್ನೊಂದು ಹಳಿಯಲ್ಲಿ, ಅವನ ಬೆನ್ನ ಹಿಂದೆ, ಎಕ್ಸ್‌ಪ್ರೆಸ್ಸು ಬರುತ್ತಿದ್ದುದು ಅವನಿಗೆ ಕೇಳಿಸಲೇ ಇಲ್ಲ. ಹಿತ್ತಿಲ ಬಾಗಿಲಲ್ಲಿದ್ದ ಅವನಜ್ಜಿ ಕೂಗಿದ ಕೂಗಿಗೆ ಅವನು ಗೋಡೆಯ ಕಡೆಗೆ ಹಾರಿದ. ಗಾಡಿ ಹೋಯಿತು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಸೆಕೆಂಡಿಗೆ 30 ಮೀಟರು ಎಂದೆನಲ್ಲ, ಆ ಲೆಕ್ಕದ ಅರ್ಥ ನಮಗೆ ಆ ದಿನ ತಿಳಿಯಿತು. ನೂರು ಮೀಟರು ದೂರದ ಗಾಡಿ ಮೂರು ಉಸಿರಿನೊಳಗೆ ಮೈಮೇಲೆ. ಚಾಲಕ ಬ್ರೇಕು ಹಾಕಿದರೂ ಅದು ಅಲ್ಲೇ ನಿಲ್ಲುವಂಥದಲ್ಲ. ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟು. ಮುಟ್ಟದಿದ್ದರೂ, ಸಮೀಪಕ್ಕೆ ಹೋದರೇ ಅಪಾಯ. ಇನ್ನು 1989ರ ರೈಲ್ವೆ ಕಾಯಿದೆಯ 147ನೆಯ ವಿಧಿಯ ಪ್ರಕಾರ ಅಪ್ಪಣೆಯಿಲ್ಲದೆ ಹಳಿಯ ಜಾಗಕ್ಕೆ ನುಗ್ಗಿದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯಿದೆಗಿಂತ ನಮ್ಮ ಮನೆಯ ಕಟ್ಟಳೆ ಇನ್ನೂ ಬಿಗಿ: ಚಿತ್ರ ಹಿಡಿಯುವುದು ಮಹಡಿಯಿಂದಲೇ, ದೊಡ್ಡವರೊಬ್ಬರು ಜತೆಗಿದ್ದಾಗಲೇ.

ಹಾಗಾದರೆ ಇದೆಲ್ಲ ಏಕೆ ಎನ್ನುವಿರೇನೊ. ನೋಡನೋಡುತ್ತ ಎಲ್ಲವೂ ಬದಲಾಗುತ್ತದೆ. ನಾವು ಕುಳಿತು ಓಡಾಡಿದ ಹಳೆಯ ಮಾದರಿಯ ನೀಲಿ ಡಬ್ಬಿಗಳ ತಯಾರಿಕೆಯನ್ನು ಪೆರಂಬೂರಿನ ಕಾರ್ಖಾನೆ 2018ರಲ್ಲೇ ನಿಲ್ಲಿಸಿತು. ಸಾಲಾಗಿ ನೀಲಿ ಡಬ್ಬಿಗಳೇ ಬರುತ್ತಿದ್ದ ಆ ನೋಟ ಮುಂದಿನವರಿಗೆ ಉಳಿದರೆ ಇಂಥ ಹುಡುಗರ ಚಿತ್ರಗಳಲ್ಲೇ ಉಳಿಯಬೇಕು.

ಅವನ ಚಿತ್ರಗಳಲ್ಲಿ ಇನ್ನೂ ಒಂದು ಉಳಿದಿದೆ. ಅವನಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಹುಡುಗ ಹಳೆಯ ಬೃಂದಾವನವೊಂದನ್ನು ತೋರಿಸಿದ. ಡಬ್ಬಿಗಳು ಒಂದೊಂದಾಗಿ ದಾಟಿದವು, ಕೊನೆಯ ಗುರುತೂ ದಾಟಿತು, ಸದ್ದು ಅಡಗಿತು. ಆಮೇಲೆ ಕೆಳಗಿನಿಂದ ಅವಳ ದನಿ: “ಹೋಯ್ತೇನೋ ನಿನ್ನ ರೈಲು? ಕಾಫಿ ಆರಿಹೋಗ್ತಿದೆ, ತಾತನ್ನೂ ಕರ್ಕೊಂಡು ಬಾರೋ.” ಹುಡುಗ ಇಂಜಿನ್ ದಾಟಿದ ಕೂಡಲೇ ಕೈ ಇಳಿಸಿದ್ದರೆ ಆ ಮಾತು ನಮಗೆ ಸಿಗುತ್ತಿರಲಿಲ್ಲ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಗೋಡೆಯ ಈಚೆಯೇ ನಿಲ್ಲಿ. ಕೊನೆಯ ಡಬ್ಬಿ ದಾಟುವವರೆಗೂ ನಿಲ್ಲಿ. ಸಾಧ್ಯವಾದರೆ, ಅದರ ಮೇಲೂ ಒಂದು ಗಳಿಗೆ.