ಸೂಡಿಯ ಹಾದಿಯಲ್ಲಿ



ಬೈಸಿಕಲ್ಲಿನ ಮೇಲೆ ಒಬ್ಬರೇ ದೂರ ಪ್ರಯಾಣ ಮಾಡುವುದು ನಮಗೆ ಬಹುಕಾಲದಿಂದ ಅಂಟಿದ ಚಟ. ಧಾರವಾಡದಿಂದ ಹೊರಟ ಎರಡನೆಯ ದಿನ ರೋಣವನ್ನು ಬಿಟ್ಟು ಸೂಡಿಯ ಹಾದಿ ಹಿಡಿದೆವು. ಹಿಂಗಾರಿನ ಜೋಳ ಕೊಯ್ದಾಗಿತ್ತು. ಬಿರುಕುಬಿಟ್ಟ ಎರೆಯ ಬಯಲು ದಿಗಂತದವರೆಗೂ ಬರಿದಾಗಿ ಬಿದ್ದಿತ್ತು. ಮಾತಿಲ್ಲ, ನೆರಳಿಲ್ಲ, ಸರಪಣಿಯ ಸದ್ದೊಂದೇ ನಮ್ಮ ಸಂಗಾತಿ.

ನಡುಹಗಲಿನಲ್ಲಿ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ನಾಟಿತು. ತೇಪೆ ಹಾಕಿ ಮುಗಿಸುವಷ್ಟರಲ್ಲಿ ಸೀಸೆಯ ನೀರೂ ಮುಗಿಯಿತು. ನಾಲಗೆ ಒಣಗಿ ಊರು ಮುಟ್ಟಿದಾಗ ಮುದುಕಿಯೊಬ್ಬಳು, "ಮೊದಲ ನೀರು ಕುಡಿ ತಮ್ಮಾ, ಆಮ್ಯಾಲ ಹಾದಿ ಕೇಳು" ಎಂದು ಬೆಲ್ಲದ ಚೂರಿನೊಡನೆ ತಂಬಿಗೆಯನ್ನು ಕೈಗಿತ್ತಳು.

ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದುದನ್ನು ಸೂಡಿಯ 1010ರ ಶಾಸನವು ಹೇಳುತ್ತದೆ. ಟಂಕಸಾಲೆಯಿದ್ದ ಪಟ್ಟಣವಿದು. ನಾವು ನೋಡಬಂದುದು ಜೋಡುಕಳಸದ ಗುಡಿಯನ್ನು. ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದುದು ನಾಗಕುಂಡ. ಇಳಿಯಲು ಮೆಟ್ಟಿಲು, ಒಳಗೋಡೆಗಳಿಗೆಲ್ಲ ಕೆತ್ತನೆ. ನೀರಿನ ಕೊಳಕ್ಕೆ ಗುಡಿಯ ಸಿಂಗಾರವೇಕೆಂದು, ಮೋಟಾರಿನಲ್ಲಿ ಬಂದಿದ್ದರೆ ಕೇಳುತ್ತಿದ್ದೆವೇನೋ. ಆ ಬಯಲನ್ನು ಪೆಡಲಿನಿಂದ ಅಳೆದು ಬಂದವರಿಗೆ ಅಂತಹ ಪ್ರಶ್ನೆಯೇ ಹುಟ್ಟಲಿಲ್ಲ. ಮಳೆ ಕಡಮೆಯಾದ ಸೀಮೆಯಲ್ಲಿ ನಾಣ್ಯ ಅಚ್ಚುಹಾಕುವ ಮೊದಲು ನೀರನ್ನು ಕೂಡಿಡಬೇಕು. ಅಕ್ಷರವರಿಯದ ಆ ಮುದುಕಿಗೆ ಇದು ತಿಳಿದಿತ್ತು. ಶಾಸನಗಳನ್ನು ಓದಿದ ನಮಗೆ ತಿಳಿಯಲು ಒಂದು ಮುಳ್ಳು ಬೇಕಾಯಿತು.